ಇಂಜಿನ್ ಕೂರಿಸಿದ ಸೈಕಲ್‌ಗೆ ಗಟ್ಟಿ ಹಿಂದಿನ ಹಬ್ ಹಾಕೋದು ಹೇಗೆ

ಸೈಕಲ್‌ಗೆ ಎರಡು ಸ್ಟ್ರೋಕ್ ಇಂಜಿನ್ ಕಿಟ್ ಹಾಕಿಕೊಂಡವರಿಗೆ ಮೊದಲು ಕೈಕೊಡುವುದು ಸಾಮಾನ್ಯವಾಗಿ ಇಂಜಿನ್ ಅಲ್ಲ, ಹಿಂದಿನ ಚಕ್ರ. ಅದರಲ್ಲೂ ಎಡಗಡೆಯ ಕಡ್ಡಿಗಳು. ಒಂದು ಮುರಿಯುತ್ತದೆ, ಹಾಕಿಸುತ್ತೀರಿ. ವಾರ ಕಳೆಯುವಷ್ಟರಲ್ಲಿ ಪಕ್ಕದ್ದು ಹೋಗುತ್ತದೆ. ಸೈಕಲ್ ಶಾಪ್‌ನವರು "ಕಡ್ಡಿ ಕ್ವಾಲಿಟಿ ಸರಿ ಇಲ್ಲ" ಅನ್ನುತ್ತಾರೆ. ಆದರೆ ತಪ್ಪು ಕಡ್ಡಿಯದ್ದಲ್ಲ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಕೂರಿಸಿರುವ ರೀತಿಯದ್ದು.

ಈ ಚೀನಾ ಕಿಟ್‌ಗಳಲ್ಲಿ 44 ಹಲ್ಲಿನ ಒಂದು ಸ್ಪ್ರಾಕೆಟ್, ಎರಡು ರಬ್ಬರ್ ಬಿಲ್ಲೆ, ಕೆಲವು ತಗಡಿನ ತುಂಡು ಮತ್ತು 9 ಬೋಲ್ಟ್ ಕೊಡುತ್ತಾರೆ. ಒಂದು ರಬ್ಬರ್ ಕಡ್ಡಿಗಳ ಒಳಗೆ, ಇನ್ನೊಂದು ಹೊರಗೆ, ನಡುವೆ ಕಡ್ಡಿಗಳನ್ನು ಒತ್ತಿಹಿಡಿದು ಬೋಲ್ಟ್ ಬಿಗಿದರೆ ಆಯಿತು. ಅಂದರೆ ಇಂಜಿನ್ ಎಳೆಯುವ ಅಷ್ಟೂ ಬಲ ಕಡ್ಡಿಗಳ ಕುತ್ತಿಗೆಗೆ ಅಡ್ಡಲಾಗಿ ಬೀಳುತ್ತದೆ. ಕಡ್ಡಿ ಇರುವುದು ಉದ್ದಕ್ಕೆ ಎಳೆತ ತಡೆಯಲಿಕ್ಕೆ. ಪಕ್ಕಕ್ಕೆ ಬಗ್ಗಿಸುತ್ತಾ ಹೋದರೆ ಹಬ್ (ಕಡ್ಡಿಗಳು ಶುರುವಾಗುವ ಚಕ್ರದ ನಡುಭಾಗ) ಹತ್ತಿರದ ಬಾಗಿನಲ್ಲಿ ಮುರಿಯಲೇಬೇಕು, ಅಲ್ವಾ? ಅದರ ಜೊತೆಗೆ ರಬ್ಬರ್ ಸವೆದ ಹಾಗೆ ಸ್ಪ್ರಾಕೆಟ್ ಓಲಾಡುತ್ತದೆ, ಚೈನ್ ಕಳಚುತ್ತದೆ. ಓಡುವಾಗ ಕಳಚಿದ ಚೈನ್ ಚಕ್ರಕ್ಕೆ ಸುತ್ತಿಕೊಂಡರೆ ಹಿಂದಿನ ಚಕ್ರ ಅಲ್ಲೇ ಲಾಕ್ ಆಗುತ್ತದೆ, ಮುಂದಿನದು ಹೇಳಬೇಕಾಗಿಲ್ಲ.

ಗಟ್ಟಿ ಹಬ್ ಎಂದರೆ ದಪ್ಪ ಆಕ್ಸಲ್, ಸೀಲ್ಡ್ ಬೇರಿಂಗ್, ದಪ್ಪ ಫ್ಲ್ಯಾಂಜ್ (ಕಡ್ಡಿ ತೂರಿಸುವ ತೂತುಗಳಿರುವ ಅಂಚಿನ ಬಿಲ್ಲೆ) ಇರುವ ಹಬ್. ಎಲ್ಲಕ್ಕಿಂತ ಮುಖ್ಯ, ಅದರ ಎಡಗಡೆ ಸ್ಪ್ರಾಕೆಟ್ ನೇರವಾಗಿ ಬೋಲ್ಟ್ ಆಗುತ್ತದೆ. ಇಂಜಿನ್ ಎಳೆಯುವ ಬಲ ಹಬ್‌ನ ಮೈಗೆ ಹೋಗಿ, ಅಲ್ಲಿಂದ ಎಲ್ಲ ಕಡ್ಡಿಗಳಿಗೂ ಹಂಚಿಹೋಗುತ್ತದೆ. ಇದಿಷ್ಟೇ ಅದರ ಗುಟ್ಟು. ಕೆಲವರು ಖರ್ಚು ಉಳಿಸಲು ಹಳೇ ಹಬ್‌ಗೇ ಸ್ಪ್ರಾಕೆಟ್ ವೆಲ್ಡ್ ಮಾಡಿಸುತ್ತಾರೆ, ಅದು ಬೇಡ. ತೆಳು ಹಬ್ ಶಾಖಕ್ಕೆ ಸೊಟ್ಟಗಾಗುತ್ತದೆ, ಬೇರಿಂಗ್ ಕಪ್ ಹಾಳಾಗುತ್ತದೆ, ಆಮೇಲೆ ಸ್ಪ್ರಾಕೆಟ್ ಹಲ್ಲು ಸವೆದರೆ ಇಡೀ ಹಬ್ ಬಿಸಾಡಬೇಕು.

ಶುರು ಮಾಡುವ ಮುಂಚೆ ಕಾನೂನಿನ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು, ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನ ಅಲ್ಲ. ಆದರೆ ಕಿಟ್‌ಗಳು 49 ಸಿಸಿ, 80 ಸಿಸಿ ಅಂತ ಬರುತ್ತವೆ. (80 ಅನ್ನುವುದು ಬರೀ ಹೆಸರಿಗೆ. ಸಿಲಿಂಡರ್ ಅಗಲ 47 ಮಿ.ಮೀ., ಪಿಸ್ಟನ್ ಓಡುವ ದೂರ 38 ಮಿ.ಮೀ. ಇದ್ದರೆ ಲೆಕ್ಕ ಹಾಕಿ ನೋಡಿ, 66 ಸಿಸಿ ಅಷ್ಟೇ ಬರುತ್ತದೆ.) ಹೇಗಿದ್ದರೂ 25 ದಾಟಿತು. ರಿಜಿಸ್ಟ್ರೇಷನ್ ಇಲ್ಲದೆ ರಸ್ತೆಗೆ ಇಳಿಸುವ ಹಾಗಿಲ್ಲ. ತೋಟ, ಗದ್ದೆ, ಸ್ವಂತ ಜಾಗದೊಳಗೆ ಓಡಿಸಲು ಮಾಡಿಕೊಳ್ಳುತ್ತಿದ್ದೀರಿ ಎಂದುಕೊಂಡೇ ಮುಂದಿನದ್ದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆ, ಆಮೇಲೆ ದುಡ್ಡು

ಹಬ್ ಆರ್ಡರ್ ಮಾಡುವ ಮುಂಚೆ ನಿಮ್ಮ ಸೈಕಲ್ ಯಾವ ಜಾತಿಯದ್ದು ನೋಡಿ. ನಮ್ಮ ಹಳೇ ಕಪ್ಪು ಸೈಕಲ್‌ಗಳ ಹಿಂದಿನ ರಿಮ್‌ನಲ್ಲಿ 40 ತೂತು ಇರುತ್ತವೆ, ಮುಂದೆ 32. ಗಟ್ಟಿ ಹಬ್‌ಗಳು ಬಹುತೇಕ 36 ತೂತಿನವು. 36ರ ಹಬ್‌ನ್ನು 40ರ ರಿಮ್‌ಗೆ ಹೆಣೆಯಲು ಹೋಗಬೇಡಿ, ಯಾರು ಎಷ್ಟೇ ಧೈರ್ಯ ಹೇಳಿದರೂ ಸರಿ. ಹಾಗಂತ ರಿಮ್ ಬದಲಾಯಿಸಿದರೆ ಇನ್ನೊಂದು ತಲೆನೋವು. ಆ ಸೈಕಲ್‌ನ ಕಂಬಿ ಬ್ರೇಕ್ ಹಿಡಿಯುವುದು ರಿಮ್‌ನ ಒಳಮುಖಕ್ಕೆ. ಈಗಿನ 26 ಇಂಚಿನ ರಿಮ್ ಹಾಕಿದರೆ ಆ ಬ್ರೇಕ್ ಕಟ್ಟೆಗೆ (ಬ್ರೇಕ್ ರಬ್ಬರಿಗೆ) ಹಿಡಿಯಲು ಜಾಗವೇ ಸಿಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಈ ಕೆಲಸಕ್ಕೆ 26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಮಾದರಿಯ ಕಬ್ಬಿಣದ ಫ್ರೇಮ್ ಇರುವ ಸೈಕಲ್ಲೇ ಒಳ್ಳೆಯದು. 36 ತೂತಿನ ರಿಮ್ ಸುಲಭವಾಗಿ ಸಿಗುತ್ತದೆ, ಬ್ರೇಕೂ ರಿಮ್‌ನ ಪಕ್ಕಕ್ಕೆ ಹಿಡಿಯುತ್ತದೆ. ರಿಮ್ ಮಾತ್ರ ಡಬಲ್ ವಾಲ್ (ಎರಡು ಪದರ) ಇರುವುದನ್ನೇ ತೆಗೆದುಕೊಳ್ಳಿ.

ಆಮೇಲೆ ಚಕ್ರ ಬಿಚ್ಚಿ, ಹಿಂದಿನ ಎರಡು ಕಚ್ಚುಗಳ (ಫ್ರೇಮ್‌ನಲ್ಲಿ ಆಕ್ಸಲ್ ಕೂರುವ ಸೀಳುಗಳ) ಒಳಮುಖದಿಂದ ಒಳಮುಖಕ್ಕೆ ಅಳೆಯಿರಿ. ಗೇರ್ ಇಲ್ಲದ ಸೈಕಲ್‌ನಲ್ಲಿ ಸಾಮಾನ್ಯವಾಗಿ 110ರಿಂದ 120 ಮಿ.ಮೀ., ಗೇರ್ ಇರುವ ಎಂಟಿಬಿಯಲ್ಲಿ 135. ಹೊಸ ಹಬ್‌ನ ಅಗಲ ಇದಕ್ಕಿಂತ ನಾಲ್ಕೈದು ಮಿ.ಮೀ. ಜಾಸ್ತಿ ಇದ್ದರೆ ಕಬ್ಬಿಣದ ಫ್ರೇಮನ್ನು ಕೈಯಲ್ಲೇ ಸ್ವಲ್ಪ ಅಗಲಿಸಬಹುದು. ಅಲ್ಯುಮಿನಿಯಂ ಆದರೆ ಮುಟ್ಟಲೇಬೇಡಿ, ಅದು ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಆಕ್ಸಲ್ ದಪ್ಪವನ್ನೂ ನೋಡಿ. ಮಾಮೂಲಿ ಹಿಂದಿನ ಆಕ್ಸಲ್ 10 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಕಚ್ಚೂ ಅಷ್ಟೇ ಅಗಲ. ಗಟ್ಟಿ ಹಬ್‌ನ ಆಕ್ಸಲ್ 12 ಅಥವಾ ಅದಕ್ಕಿಂತ ದಪ್ಪ ಇದ್ದರೆ ಕಚ್ಚನ್ನು ಅರ ಹಾಕಿ ಅಗಲ ಮಾಡಬೇಕಾಗುತ್ತದೆ. ಗ್ರೈಂಡರ್ ಬೇಡ, ಕೈ ಅರವೇ ಸಾಕು. ಎರಡು ಕಡೆಯೂ ಒಂದೇ ಸಮ ತೆಗೆಯಿರಿ, ಮಧ್ಯೆ ಮಧ್ಯೆ ಆಕ್ಸಲ್ ಇಟ್ಟು ನೋಡುತ್ತಿರಿ. ಕಚ್ಚಿನ ಸುತ್ತ ಉಳಿಯುವ ಕಬ್ಬಿಣ ತೀರಾ ಸಣ್ಣದಾಗುತ್ತದೆ ಅನ್ನಿಸಿದರೆ ಆ ಹಬ್ ನಿಮ್ಮ ಸೈಕಲ್‌ಗಲ್ಲ.

ಇನ್ನೊಂದು ಅಳತೆ ತುಂಬಾ ಜನ ಮರೆಯುತ್ತಾರೆ. 44 ಹಲ್ಲಿನ ಸ್ಪ್ರಾಕೆಟ್ ಸುಮಾರು 18 ಸೆಂ.ಮೀ. ಅಗಲ ಇರುತ್ತದೆ, ಅದರ ಮೇಲೆ ಚೈನ್ ಬೇರೆ. ಎಡಗಡೆ ಪೆಡಲ್‌ನಿಂದ ಹಿಂದಿನ ಆಕ್ಸಲ್‌ಗೆ ಬರುವ ಪೈಪಿಗೆ ಅದು ತಾಗುತ್ತದಾ ಅಂತ ರಟ್ಟಿನಲ್ಲಿ ಅಷ್ಟು ದೊಡ್ಡ ಬಿಲ್ಲೆ ಕತ್ತರಿಸಿ ಇಟ್ಟು ನೋಡಿ. ಟೈರ್ ಎಷ್ಟು ದಪ್ಪ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. 2.125 ಇಂಚಿನ ಟೈರ್ ಅಂದರೆ 54 ಮಿ.ಮೀ. ಹತ್ತಿರ. ಚೈನ್ ಅದರ ಪಕ್ಕದಲ್ಲೇ ಹಾದುಹೋಗಬೇಕು.

ಹಲ್ಲು ಎಷ್ಟಿರಬೇಕು ಅನ್ನುವುದಕ್ಕೆ ಲೆಕ್ಕ ಸುಲಭ. ಈ ಇಂಜಿನ್‌ನೊಳಗೆ 4.1 ಪಟ್ಟು ಇಳಿತ ಇದೆ (ಇಂಜಿನ್ 4.1 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು), ಹೊರಗಿನ ಸಣ್ಣ ಸ್ಪ್ರಾಕೆಟ್ 10 ಹಲ್ಲು. ಹಿಂದೆ 44 ಇದ್ದರೆ ಒಟ್ಟು 18 ಪಟ್ಟು. 26 ಇಂಚಿನ ಚಕ್ರ ಒಂದು ಸುತ್ತಿಗೆ ಎರಡು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಡುತ್ತದೆ, ಹಾಗಾಗಿ 4000 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 27 ಕಿ.ಮೀ. ಬರುತ್ತದೆ. 36 ಹಲ್ಲು ಹಾಕಿದರೆ ಅದೇ ಆರ್‌ಪಿಎಂಗೆ 33 ಚಿಲ್ಲರೆ. ಏರು, ಹೊರೆ ಇದ್ದರೆ 44ರಲ್ಲೇ ಇರಿ. ಸಮ ಜಾಗಕ್ಕೆ 36 ಹಾಯಾಗಿರುತ್ತದೆ, ಇಂಜಿನ್ ಕಿರುಚುವುದು ಕಡಿಮೆ.

ಹಬ್ ಕೈಗೆ ಬಂದ ಮೇಲೆ

ಬಂದ ತಕ್ಷಣ ಹೆಣೆಯಲು ಕೂರಬೇಡಿ. ಆಕ್ಸಲ್ ಎಳೆದು ತೆಗೆದು ಒಳಗೆ ನೋಡಿ. ಎರಡು ಬೇರಿಂಗ್‌ಗಳ ಮಧ್ಯೆ ಒಂದು ಕೊಳವೆ ಇರಬೇಕು. ನಟ್ಟು ಬಿಗಿದಾಗ ಆ ಒತ್ತಡ ಬೇರಿಂಗ್‌ನ ಒಳ ಬಳೆಯಿಂದ ಈ ಕೊಳವೆಗೆ, ಅಲ್ಲಿಂದ ಆ ಕಡೆಯ ಒಳ ಬಳೆಗೆ ಹೋಗಬೇಕು. ಅಗ್ಗದ ಹಬ್‌ಗಳಲ್ಲಿ ಕೊಳವೆ ಇರುವುದೇ ಇಲ್ಲ, ಇದ್ದರೂ ಅರ್ಧ ಮಿ.ಮೀ. ಗಿಡ್ಡ. ಆಗ ನಟ್ಟು ಬಿಗಿದಷ್ಟೂ ಬೇರಿಂಗ್ ಪಕ್ಕಕ್ಕೆ ಹಿಂಡಿ ಚಕ್ರ ಬಿಗಿಯಾಗುತ್ತದೆ, ಜನ ಬೇರಿಂಗ್ ಕೆಟ್ಟಿದೆ ಎಂದುಕೊಂಡು ಹೊಸದು ಹಾಕುತ್ತಾರೆ, ಅದೂ ಹೋಗುತ್ತದೆ. ಕೊಳವೆ ಇಲ್ಲದಿದ್ದರೆ ಲೇತ್ ಇರುವವರ ಹತ್ತಿರ ಸರಿಯಾದ ಅಳತೆಗೆ ಮಾಡಿಸಿ, ಸಣ್ಣ ಕೆಲಸ.

ಬೇರಿಂಗ್ ಮೇಲೆ 2ಆರ್‌ಎಸ್ ಅಂತ ಇದ್ದರೆ ಎರಡೂ ಕಡೆ ರಬ್ಬರ್ ಮುಚ್ಚಳ ಇದೆ ಎಂದರ್ಥ. ನಮ್ಮ ಕೆಸರು, ಕೆಂಪು ಧೂಳಿಗೆ ಅದೇ ಬೇಕು. ಬೇರಿಂಗ್ ಬದಲಾಯಿಸಬೇಕಾದರೆ ಹೊರ ಬಳೆಯ ಅಳತೆಯ ಬಾಕ್ಸ್ ಸ್ಪ್ಯಾನರ್ ಇಟ್ಟು ಸಮನಾಗಿ ಕೂರಿಸಿ. ಒಳ ಬಳೆಗೆ ಸುತ್ತಿಗೆ ಏಟು ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಸತ್ತಿತು ಅನ್ನಿ.

ಕಡ್ಡಿ: ಮಾಮೂಲಿ ಸೈಕಲ್‌ನದ್ದು 14 ಗೇಜ್, ಅಂದರೆ 2 ಮಿ.ಮೀ. ಗಟ್ಟಿ ಹಬ್‌ಗೆ 13 ಗೇಜ್ (2.3 ಮಿ.ಮೀ.) ಅಥವಾ 12 ಗೇಜ್ (2.6 ಮಿ.ಮೀ.) ಹೊಂದುತ್ತದೆ. ಹಬ್‌ನ ತೂತಿಗೆ ಕಡ್ಡಿ ತೀರಾ ಸಡಿಲ ಇರಬಾರದು. ಹಾಗೆಯೇ 12 ಗೇಜ್‌ನ ನಿಪ್ಪಲ್ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್ಟು) ದಪ್ಪ ಇರುವುದರಿಂದ ರಿಮ್ ತೂತನ್ನು ಸ್ವಲ್ಪ ದೊಡ್ಡದು ಮಾಡಬೇಕಾಗಬಹುದು. ನನ್ನ ಪ್ರಕಾರ 13 ಗೇಜ್ ಸಾಕು. ದಪ್ಪ ಕಡ್ಡಿಗಿಂತ ಸರಿಯಾಗಿ ಬಿಗಿದ ಕಡ್ಡಿ ಜಾಸ್ತಿ ಬಾಳುತ್ತದೆ.

ಉದ್ದದ ಲೆಕ್ಕ ಅಂಗಡಿಯವರ ಅಂದಾಜಿಗೆ ಬಿಡಬೇಡಿ. ರಿಮ್‌ನಲ್ಲಿ ನಿಪ್ಪಲ್ ತಲೆ ಕೂರುವ ಜಾಗದಿಂದ ಎದುರಿನದಕ್ಕೆ ಅಳೆದು ಅರ್ಧ ಮಾಡಿ, ಅದು ಮೊದಲ ಸಂಖ್ಯೆ. ಫ್ಲ್ಯಾಂಜ್‌ನಲ್ಲಿ ತೂತಿನಿಂದ ಎದುರು ತೂತಿಗೆ ಅಳೆದು ಅರ್ಧ, ಅದು ಎರಡನೆಯದು. ಹಬ್‌ನ ನಡುವಿನಿಂದ ಫ್ಲ್ಯಾಂಜ್‌ಗೆ ಇರುವ ದೂರ ಮೂರನೆಯದು. 36 ಕಡ್ಡಿಗೆ ಮೂರು ಕತ್ತರಿ ಹೆಣಿಗೆಯಾದರೆ (ಪ್ರತಿ ಕಡ್ಡಿ ಅದೇ ಬದಿಯ ಮೂರು ಕಡ್ಡಿಗಳನ್ನು ದಾಟುವುದು), ಮೂರರ ವರ್ಗಗಳನ್ನೂ ಕೂಡಿ, ಅದರಿಂದ ಮೊದಲ ಎರಡು ಸಂಖ್ಯೆಗಳ ಗುಣಲಬ್ಧ ಕಳೆಯಿರಿ, ವರ್ಗಮೂಲ ತೆಗೆಯಿರಿ, ಹಬ್ ತೂತಿನ ಅಗಲದ ಅರ್ಧ ಕಳೆಯಿರಿ. ಉದಾಹರಣೆಗೆ 271, 40, 35 ಇದ್ದರೆ 73441 + 1600 + 1225 − 10840 = 65426, ವರ್ಗಮೂಲ 255.8, ತೂತು 3 ಮಿ.ಮೀ. ಆದರೆ 1.5 ಕಳೆದು 254 ಮಿ.ಮೀ. ಎಡ ಬಲ ಫ್ಲ್ಯಾಂಜ್‌ಗಳ ಅಳತೆ ಬೇರೆ ಬೇರೆ ಇರಬಹುದು, ಎರಡಕ್ಕೂ ಪ್ರತ್ಯೇಕ ಲೆಕ್ಕ ಹಾಕಿ.

ಹೆಣೆಯುವುದು

ಇದನ್ನು ಸೈಕಲ್ ಶಾಪ್‌ನಲ್ಲೂ ಮಾಡಿಸಬಹುದು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ನಿಮ್ಮ ಊರಲ್ಲಿದ್ದರೆ ಅವರಿಗೇ ಕೊಡಿ, ಕಣ್ಣು ಮುಚ್ಚಿಕೊಂಡು ಹೆಣೆಯುತ್ತಾರೆ. ನೀವೇ ಮಾಡುವುದಾದರೆ ಹೀಗೆ.

ವಾಲ್ವ್ ತೂತು ಮೇಲಿರುವಂತೆ ರಿಮ್ ಇಟ್ಟು, ಫ್ರೀವೀಲ್ (ಪೆಡಲ್ ಚೈನ್ ಕೂರುವ ಹಲ್ಲಿನ ಚಕ್ರ) ಇರುವ ಬಲಗಡೆಯಿಂದ ನೋಡಿ. ರಿಮ್ ತೂತುಗಳು ಒಂದು ನಿಮ್ಮ ಕಡೆಗೆ, ಇನ್ನೊಂದು ಆ ಕಡೆಗೆ ಸ್ವಲ್ಪ ಸ್ವಲ್ಪ ವಾಲಿರುತ್ತವೆ. ವಾಲ್ವ್‌ನ ಬಲಕ್ಕಿರುವ ಮೊದಲ ಎರಡು ತೂತುಗಳಲ್ಲಿ ನಿಮ್ಮ ಕಡೆಗೆ ವಾಲಿದ್ದು ಯಾವುದೋ ಅದಕ್ಕೆ ಮೊದಲ ಕಡ್ಡಿ. ಈ ಕಡ್ಡಿ ಬಲ ಫ್ಲ್ಯಾಂಜ್‌ನ ಹೊರಗಿನಿಂದ ಒಳಕ್ಕೆ ತೂರಿರಬೇಕು, ತಲೆ ಹೊರಗೆ ಕಾಣಬೇಕು. ನಿಪ್ಪಲ್ ಎರಡು ಮೂರು ಸುತ್ತು ಮಾತ್ರ. ಆಮೇಲೆ ಫ್ಲ್ಯಾಂಜ್‌ನಲ್ಲಿ ಒಂದು ಬಿಟ್ಟು ಒಂದು ತೂತು, ರಿಮ್‌ನಲ್ಲಿ ಮೂರು ಬಿಟ್ಟು ನಾಲ್ಕನೆಯದು. ಹೀಗೆ 9 ಕಡ್ಡಿ.

ಎಡ ಫ್ಲ್ಯಾಂಜ್‌ನ ತೂತುಗಳು ಬಲದವಕ್ಕೆ ಎದುರುಬದುರು ಇರುವುದಿಲ್ಲ, ಅರ್ಧ ಹೆಜ್ಜೆ ಸರಿದಿರುತ್ತವೆ. ಮೊದಲೇ ಹೇಳಿದ ಆ ಎರಡು ರಿಮ್ ತೂತುಗಳಲ್ಲಿ ಉಳಿದ ಇನ್ನೊಂದಕ್ಕೆ ಎಡಗಡೆಯ ಮೊದಲ ಕಡ್ಡಿ ಹೋಗಬೇಕು. ಅದು ರಿಮ್‌ನಲ್ಲಿ ಯಾವ ದಿಕ್ಕಿಗೆ ಸರಿದಿದೆಯೋ ಹಬ್‌ನಲ್ಲೂ ಅದೇ ದಿಕ್ಕಿಗೆ ಅರ್ಧ ಹೆಜ್ಜೆ ಸರಿದ ತೂತು ಆರಿಸಿ. ಇದನ್ನೂ ತಲೆ ಹೊರಗಿರುವಂತೆ ತೂರಿಸಿ, ಇನ್ನೂ 8 ಹಾಕಿ.

ಈಗ ಫ್ರೀವೀಲ್ ಕಡೆಯಿಂದ ನೋಡುತ್ತಾ ಹಬ್‌ನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಕಡ್ಡಿಗಳೆಲ್ಲ ಓರೆಯಾಗುತ್ತವೆ. ಉಳಿದ 18ನ್ನು ಒಳಗಿನಿಂದ ಹೊರಕ್ಕೆ ತೂರಿಸಿ, ಎದುರು ದಿಕ್ಕಿಗೆ ಓರೆ ಮಾಡಿ. ಪ್ರತಿಯೊಂದೂ ಅದೇ ಬದಿಯ ಮೂರು ಕಡ್ಡಿ ದಾಟಬೇಕು. ಮೊದಲ ಎರಡರ ಹೊರಗಿನಿಂದ, ಮೂರನೆಯದರ ಒಳಗಿನಿಂದ. ನಂತರ ತನ್ನ ಬದಿಗೆ ವಾಲಿದ ಖಾಲಿ ತೂತಿಗೆ. ಎಲ್ಲ ಮುಗಿದಾಗ ವಾಲ್ವ್‌ನ ಅಕ್ಕಪಕ್ಕದ ಕಡ್ಡಿಗಳು ದೂರ ದೂರ ಇರಬೇಕು, ಪಂಪ್ ಹಾಕಲು ಜಾಗ ಸಿಗಬೇಕು. ಸಿಗದಿದ್ದರೆ ಎಲ್ಲೋ ಒಂದು ತೂತು ತಪ್ಪಿದೆ, ಬಿಚ್ಚಿ.

ಫ್ಲ್ಯಾಂಜ್ ತುಂಬಾ ದೊಡ್ಡದು, 100 ಮಿ.ಮೀ. ಮೀರಿದ್ದು ಇದ್ದರೆ ಮೂರರ ಬದಲು ಎರಡು ಕತ್ತರಿ ಹೆಣಿಗೆ ಮಾಡಿ. ಇಲ್ಲದಿದ್ದರೆ ನಿಪ್ಪಲ್ ಹತ್ತಿರ ಕಡ್ಡಿ ಜಾಸ್ತಿ ಓರೆಯಾಗಿ ಅಲ್ಲೇ ಮುರಿಯುತ್ತದೆ. ಆಗ ಉದ್ದದ ಲೆಕ್ಕವೂ ಬದಲಾಗುತ್ತದೆ: ಗುಣಲಬ್ಧವನ್ನು 1.53ರಿಂದ ಗುಣಿಸಿ ಕಳೆಯಬೇಕು.

ಬೆಂಡ್ ತೆಗೆಯಲು ಸ್ಟ್ಯಾಂಡ್ ಬೇಕೆಂದೇನಿಲ್ಲ. ಸೈಕಲ್ ತಲೆಕೆಳಗು ಮಾಡಿ, ಚಕ್ರ ಕೂರಿಸಿ, ಬ್ರೇಕ್ ಕಟ್ಟೆಯನ್ನೇ ಗುರುತಾಗಿ ಇಟ್ಟುಕೊಳ್ಳಿ. ಟೈರ್ ಕೂರುವ ಕಡೆಯಿಂದ ನೋಡಿದಾಗ ನಿಪ್ಪಲ್ ಬಲಕ್ಕೆ ತಿರುಗಿಸಿದರೆ ಬಿಗಿ. ಒಮ್ಮೆಗೆ ಕಾಲು ಸುತ್ತು, ಅಷ್ಟೇ. ಮೊದಲು ಮೇಲೆ ಕೆಳಗಿನ ಏರಿಳಿತ ತೆಗೆಯಿರಿ, ಆಮೇಲೆ ಪಕ್ಕದ ಓಲಾಟ. ಎರಡೂ ಒಂದು ಮಿ.ಮೀ. ಒಳಗೆ ಬರಲಿ. ನಡು ಸರಿ ಇದೆಯಾ ಅಂತ ನೋಡಲು ಚಕ್ರವನ್ನು ಎಡಬಲ ಬದಲಿಸಿ ಹಾಕಿ, ರಿಮ್ ಅದೇ ಜಾಗಕ್ಕೆ ಬಂದರೆ ಸರಿ. ಬಿಗಿತ ತಿಳಿಯಲು ಕಡ್ಡಿ ಮೀಟಿ ಕೇಳಿ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಶ್ರುತಿಯಲ್ಲಿರಬೇಕು. ಕೊನೆಗೆ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಕೈಯಲ್ಲಿ ಜೋರಾಗಿ ಅಮುಕುತ್ತಾ ಸುತ್ತು ಬನ್ನಿ, ಟಿಕ್ ಟಿಕ್ ಶಬ್ದ ಬರುತ್ತದೆ, ಬೆಂಡ್ ಮತ್ತೆ ಸ್ವಲ್ಪ ಬರುತ್ತದೆ, ಮತ್ತೆ ತೆಗೆಯಿರಿ. ಇದನ್ನು ಈಗ ಮಾಡದಿದ್ದರೆ ಓಡಿಸುವಾಗ ಅದೇ ಆಗುತ್ತದೆ.

ಸ್ಪ್ರಾಕೆಟ್, ಚೈನ್, ಕೂರಿಸುವುದು

ಫ್ರೀವೀಲ್ ಮರೆಗೆ (ಥ್ರೆಡ್‌ಗೆ) ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿ, ಕೊನೆಗೆ ಪೆಡಲ್ ತುಳಿದರೆ ತಾನೇ ಬಿಗಿಯಾಗುತ್ತದೆ. ಸ್ಪ್ರಾಕೆಟ್ ಬೋಲ್ಟ್‌ಗಳಿಗೆ ಮಾತ್ರ ಗ್ರೀಸ್ ಬೇಡ. ಒರೆಸಿ, ನೀಲಿ ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ, ಎದುರುಬದುರು ಬೋಲ್ಟ್‌ಗಳನ್ನು ಸರದಿಯಲ್ಲಿ ಬಿಗಿಯಿರಿ. ಡಿಸ್ಕ್ ಬ್ರೇಕ್ ಜಾಗಕ್ಕೆ ಸ್ಪ್ರಾಕೆಟ್ ಹಾಕುವ ಹಬ್ ಆದರೆ ಅಲ್ಲಿರುವುದು 5 ಮಿ.ಮೀ.ನ ಆರು ಬೋಲ್ಟ್, ಅದೂ ಅಲ್ಯುಮಿನಿಯಂ ಮರೆ. ಜೋರು ಮಾಡಿದರೆ ಮರೆ ಕಿತ್ತುಬರುತ್ತದೆ.

ಪೈಪಿಗೆ ಒಂದು ತಂತಿ ಕಟ್ಟಿ ಅದರ ತುದಿ ಸ್ಪ್ರಾಕೆಟ್ ಹಲ್ಲಿನ ಹತ್ತಿರ ನಿಲ್ಲುವ ಹಾಗೆ ಮಾಡಿ ಚಕ್ರ ತಿರುಗಿಸಿ. ಪಕ್ಕಕ್ಕೆ ಒಂದು ಮಿ.ಮೀ.ಗಿಂತ ಜಾಸ್ತಿ ಓಲಾಡಿದರೆ ಹಬ್ ಮುಖದಲ್ಲಿ ಕಸ, ಪೇಂಟ್ ಸಿಕ್ಕಿಕೊಂಡಿದೆಯಾ ನೋಡಿ. ಆಮೇಲೆ ಉದ್ದ ಸ್ಟೀಲ್ ಪಟ್ಟಿಯನ್ನು ಹಿಂದಿನ ಸ್ಪ್ರಾಕೆಟ್‌ನ ಪಕ್ಕಕ್ಕೆ ಒತ್ತಿ ಮುಂದಕ್ಕೆ ಚಾಚಿ. ಇಂಜಿನ್ ಸ್ಪ್ರಾಕೆಟ್ ಅದರ ಸಾಲಿಗೇ ಬರಬೇಕು, ವ್ಯತ್ಯಾಸ ಒಂದೆರಡು ಮಿ.ಮೀ. ಒಳಗಿರಲಿ. ಬಾರದಿದ್ದರೆ ಸ್ಪ್ರಾಕೆಟ್ ತಿರುವಿ ಹಾಕಿ ನೋಡಿ. ತಟ್ಟೆಯಂತೆ ಸ್ವಲ್ಪ ಬಾಗಿದ ಸ್ಪ್ರಾಕೆಟ್ ಆದರೆ ತಿರುವಿದಾಗ ಹಲ್ಲುಗಳ ಸಾಲು ಒಳಕ್ಕೋ ಹೊರಕ್ಕೋ ಸರಿಯುತ್ತದೆ.

ಚೈನ್ ವಿಷಯದಲ್ಲಿ ಒಂದು ಮೋಸ ಇದೆ. ಸೈಕಲ್ ಚೈನ್, ಕಿಟ್‌ನ 415 ಚೈನ್, 420 ಚೈನ್, ಎಲ್ಲವೂ ಅರ್ಧ ಇಂಚಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ). ಅದಕ್ಕೇ ಎಲ್ಲವೂ ಹೊಂದುವಂತೆ ಕಾಣುತ್ತವೆ. ಆದರೆ ಒಳ ಅಗಲ ಬೇರೆ. 415ರದ್ದು 4.8 ಮಿ.ಮೀ. ಹತ್ತಿರ, 420ರದ್ದು 6.3. ದಪ್ಪ ಸ್ಪ್ರಾಕೆಟ್‌ಗೆ 415 ಕೂರುವುದಿಲ್ಲ, ಬಲವಂತಕ್ಕೆ ಕೂರಿಸಿದರೆ ಹಲ್ಲಿನ ಮೇಲೆ ಹತ್ತಿ ಕಳಚುತ್ತದೆ.

ಚಕ್ರ ಕೂರಿಸುವಾಗ ಎಡಗಡೆಯ ಕಚ್ಚಿಗೆ ಚೈನ್ ಅಡ್ಜಸ್ಟರ್ ಹಾಕಲೇಬೇಕು. ಇಂಜಿನ್ ಚೈನ್ ಎಡಗಡೆಯಿಂದ ಎಳೆಯುವುದರಿಂದ ಆಕ್ಸಲ್‌ನ ಎಡ ತುದಿ ಮುಂದಕ್ಕೆ ಜಾರುತ್ತದೆ, ಚಕ್ರ ಓರೆಯಾಗುತ್ತದೆ, ಚೈನ್ ಬೀಳುತ್ತದೆ. ಬರೀ ನಟ್ಟು ಬಿಗಿಯನ್ನು ನಂಬಬೇಡಿ. ಚೈನ್ ಮಧ್ಯದಲ್ಲಿ ಒತ್ತಿದರೆ 12ರಿಂದ 15 ಮಿ.ಮೀ. ಇಳಿಯುವಷ್ಟು ಸಡಿಲ ಇರಲಿ, ಚಕ್ರ ನಿಧಾನವಾಗಿ ಒಂದು ಸುತ್ತು ತಿರುಗಿಸಿ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿ ಅಳೆಯಿರಿ.

ಕಿಟ್‌ನ ಟೆನ್ಷನರ್ ರೋಲರ್ (ಚೈನ್ ಬಿಗಿಯಾಗಿಡುವ ಸಣ್ಣ ಗಾಲಿ) ನನಗೆ ಇಷ್ಟವೇ ಇಲ್ಲ. ಪೈಪಿನ ಮೇಲೆ ಬರೀ ಕ್ಲ್ಯಾಂಪ್ ಬಲದಲ್ಲಿ ನಿಂತಿರುತ್ತದೆ, ಒಂದು ದಿನ ತಿರುಗಿ ಕಡ್ಡಿಗಳೊಳಗೆ ಹೋಗುತ್ತದೆ. ಕಚ್ಚು ಹಿಂದಕ್ಕೆ ತೆರೆದಿರುವ ಸೈಕಲ್ ಆದರೆ, ಚೈನ್ ಸರಿಯಾದ ಉದ್ದಕ್ಕೆ ಕತ್ತರಿಸಿ, ಅರ್ಧ ಲಿಂಕ್ ಬೇಕಾದರೆ ಹಾಕಿ, ಟೆನ್ಷನರ್ ತೆಗೆದೇ ಬಿಡಬಹುದು. ಕಚ್ಚು ನೆಟ್ಟಗೆ ಕೆಳಕ್ಕಿದ್ದರೆ ಬಿಡುವಂತಿಲ್ಲ. ಆಗ ಕ್ಲ್ಯಾಂಪ್ ತಿರುಗದಂತೆ ಪೈಪ್‌ನ ಬದಿಯಿಂದ ಒಂದು ಪಟ್ಟಿ ಹಾಕಿ ಆಕ್ಸಲ್ ಅಥವಾ ಮಡ್‌ಗಾರ್ಡ್ ಬೋಲ್ಟಿಗೆ ಕಟ್ಟಿ.

ಬ್ರೇಕ್ ಮತ್ತೆ ಹೊಂದಿಸಿ. ರಿಮ್ ಹೊಸದು, ಕಟ್ಟೆಗಳೂ ಹೊಸದಾಗಲಿ. ಮುಂದಿನ ಬ್ರೇಕ್ ಸರಿ ಇಲ್ಲದ ಸೈಕಲ್‌ಗೆ ಹಿಂದೆ ಎಷ್ಟು ಗಟ್ಟಿ ಹಬ್ ಹಾಕಿದರೂ ಉಪಯೋಗವಿಲ್ಲ, ಮೊದಲು ಅದನ್ನು ಸರಿ ಮಾಡಿ. ಎಲೆಕ್ಟ್ರಿಕ್ ಹಬ್ ಮೋಟಾರ್ ಹಾಕುವವರಿಗೂ ಹೆಣಿಗೆಯ ಕ್ರಮ ಹೆಚ್ಚುಕಮ್ಮಿ ಇದೇ. ಮೋಟಾರಿನ ಫ್ಲ್ಯಾಂಜ್ ದೊಡ್ಡದಿರುವುದರಿಂದ ಕತ್ತರಿ ಮಾತ್ರ ಕಡಿಮೆ. ಆದರೆ ಅಲ್ಲಿ ಆಕ್ಸಲ್ಲೇ ತಿರುಗಲು ಹವಣಿಸುತ್ತದೆ, ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಫ್ರೇಮಿಗೆ ಕಟ್ಟುವ ಪಟ್ಟಿ) ಇಲ್ಲದೆ ಓಡಿಸಬೇಡಿ.

ಮೊದಲ ಓಟ ಪೆಡಲ್ ತುಳಿದೇ ಆಗಲಿ, ಇಂಜಿನ್ ಚೈನ್ ಹಾಕದೆ. ಆಮೇಲೆ ಇಂಜಿನ್‌ನಲ್ಲಿ ನಿಧಾನಕ್ಕೆ, ಹತ್ತು ಹದಿನೈದು ಕಿ.ಮೀ. ಆದ ಮೇಲೆ ನಿಲ್ಲಿಸಿ ಕಡ್ಡಿ, ಸ್ಪ್ರಾಕೆಟ್ ಬೋಲ್ಟ್, ಆಕ್ಸಲ್ ನಟ್ಟು, ಚೈನ್ ಸಡಿಲ ನಾಲ್ಕನ್ನೂ ನೋಡಿ. ಹೊಸ ಕಡ್ಡಿಗಳು ಖಂಡಿತ ಸ್ವಲ್ಪ ಸಡಿಲವಾಗಿರುತ್ತವೆ, ಅದು ಸಹಜ. ಹಬ್ ಕೈಗೆ ಬಿಸಿ ತಾಗಿದರೆ ಬೇರಿಂಗ್ ಹಿಂಡುತ್ತಿದೆ, ಕೊಳವೆ ಮತ್ತೆ ಅಳೆಯಿರಿ. ಚಕ್ರದ ಒಂದು ಸುತ್ತಿಗೆ ಒಂದು ಸಲ ಟಕ್ ಅಂತ ಬಂದರೆ ಚೈನ್ ಎಲ್ಲೋ ತಾಗುತ್ತಿದೆ ಅಥವಾ ಒಂದು ಕಡ್ಡಿ ಸಡಿಲ. ಎಂಜಿನ್ ಎಳೆಯುವಾಗ ಮಾತ್ರ ಗರಗರ ಅಂದರೆ ಸಾಲು ತಪ್ಪಿದೆ, ಸ್ಟೀಲ್ ಪಟ್ಟಿ ಮತ್ತೆ ಹಿಡಿದು ನೋಡಿ.